ಎರಡನೆಯದು ಹೊಟ್ಟೆಯಲ್ಲಿರುವಾಗ ಮೊದಲನೆಯದನ್ನು ಮಲಗಿಸುವವರು ಯಾರು?

ಎರಡನೆಯದು ನಿಂತಿದೆ ಅಂತ ಗೊತ್ತಾದ ವಾರವೇ ಈಗಿನವರು ಎರಡು ವರ್ಷದ ದೊಡ್ಡದನ್ನು ಕೂರಿಸಿಕೊಂಡು "ನಿಂಗೆ ಆಟ ಆಡೋಕೆ ಪಾಪು ಬರುತ್ತೆ" ಅಂತ ಹೇಳಿಬಿಡುತ್ತಾರೆ. ಯಾಕಮ್ಮ ಇಷ್ಟು ಅವಸರ? ಆ ಮಗುವಿಗೆ ನಾಳೆ ಅಂದರೇನು ಅಂತಲೇ ಸರಿಯಾಗಿ ಗೊತ್ತಿಲ್ಲ. ಎಂಟು ತಿಂಗಳು ಅಂದರೆ ಏನು ತಿಳಿಯಬೇಕು? ದಿನಾ ಎದ್ದು "ಪಾಪು ಬಂತಾ" ಅಂತ ಕೇಳುತ್ತದೆ. ನೀವು "ಇನ್ನೂ ಇಲ್ಲ" ಅಂದೂ ಅಂದೂ ರೇಗುತ್ತೀರಿ. ಕೊನೆಗೆ ಬಂದದ್ದಾದರೂ ಆಟ ಆಡುವ ಪಾಪುವೇ? ಹುಟ್ಟಿದ ಕೂಸಿಗೆ 20-30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ಒಂದಿಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅದು ಚೆಂಡು ಹಿಡಿಯುತ್ತದೆಯೇ? ದೊಡ್ಡದಕ್ಕೆ ಮೋಸ ಮಾಡಿದ ಹಾಗಾಯಿತು.

ಹೊಟ್ಟೆ ಕಾಣಿಸಿಕೊಳ್ಳಲಿ, ಆಗ ಹೇಳಿ. ಎರಡನೇ ಸಲ ಅದೂ ಬೇಗನೇ ಕಾಣುತ್ತದೆ, ಸ್ನಾಯುಗಳು ಆಗಲೇ ಒಮ್ಮೆ ಹಿಗ್ಗಿರುತ್ತವೆ ನೋಡಿ. ಮಗು ಮಿಸುಕುವುದೂ ಹಾಗೆಯೇ, ಮೊದಲ ಸಲ 20 ವಾರದ ಹತ್ತಿರ ಗೊತ್ತಾದದ್ದು ಈಗ 16ರ ಸುಮಾರಿಗೆ ಗೊತ್ತಾಗಬಹುದು. ಆದರೆ ಒಂದು ಮಾತು, ಮನೆಗೆ ಬಂದವರ ಬಾಯಿಂದ ಆ ಮಗು ಇದನ್ನು ಮೊದಲು ಕೇಳುವ ಹಾಗೆ ಆಗಬಾರದು. ಬಂದವರಿಗೆ ಹೇಳುವ ಹಿಂದಿನ ದಿನ ಮಗುವಿಗೆ ಹೇಳಿ. ಮತ್ತೆ ಆ ಬಂದವರಲ್ಲಿ ಯಾರಾದರೂ "ಇನ್ಮೇಲೆ ನಿಮ್ಮಮ್ಮ ನಿನ್ನ ಎತ್ತಿಕೊಳ್ಳಲ್ಲ" ಅಂತ ತಮಾಷೆ ಮಾಡಿದರೆ ಅಲ್ಲೇ ಬಾಯಿ ಮುಚ್ಚಿಸಿ. ದೊಡ್ಡವರಾದರೂ ಸರಿ. ಅದು ತಮಾಷೆ ಅಲ್ಲ.

ಇನ್ನೊಂದು ನನಗೆ ತಡೆಯಲಾಗದ ಅಭ್ಯಾಸವಿದೆ. "ಪಾಪುಗೆ ನೋವಾಗುತ್ತೆ, ತೊಡೆ ಹತ್ತಬೇಡ." "ಪಾಪು ಮಲಗಿದೆ, ಕೂಗಬೇಡ." ಬೇಡ ಅನ್ನುವ ಪ್ರತಿ ಮಾತಿಗೂ ಪಾಪುವಿನ ಹೆಸರು. ಇನ್ನೂ ಮುಖ ನೋಡದ ಪಾಪುವಿನ ಮೇಲೆ ದೊಡ್ಡದಕ್ಕೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಸೊಂಟ ನಿಮ್ಮದು, ನೋವು ನಿಮ್ಮದು, "ನಂಗೆ ಸೊಂಟ ನೋಯ್ತಿದೆ ಕಂದ, ಬಾ, ಪಕ್ಕದಲ್ಲಿ ಕೂತ್ಕೋ" ಅನ್ನಿ. ಎತ್ತಲೇಬಾರದು ಅಂತೇನೂ ಇಲ್ಲ, ಡಾಕ್ಟರ್ ಬೇಡ ಅಂದಿಲ್ಲದಿದ್ದರೆ ಮಂಡಿ ಮಡಿಸಿ ಕೂತು, ಮಗುವನ್ನು ಮೈಗೆ ಒತ್ತಿಕೊಂಡು ಏಳಿ. ನಿಂತಲ್ಲಿಂದ ಬಗ್ಗಿ ಎತ್ತುತ್ತೀರಲ್ಲ, ಅದು ತಪ್ಪು. ಇನ್ನೂ ಒಳ್ಳೆಯದು ನೀವು ಕೆಳಗೆ ಕೂತುಬಿಡುವುದು. ಮಗುವಿಗೆ ಬೇಕಾದ್ದು ತೊಡೆ, ಎತ್ತರ ಅಲ್ಲ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ರಾತ್ರಿ ದೊಡ್ಡದನ್ನು ಮಲಗಿಸುವ ಕೆಲಸ ಅಮ್ಮನ ಕೈಯಿಂದ ಅಪ್ಪನ ಕೈಗೆ ಹೋಗಬೇಕು, ಅದೂ ದಿನ ತುಂಬುವುದಕ್ಕೆ ಮೂರು ತಿಂಗಳು ಮುಂಚೆಯೇ ಶುರುವಾಗಬೇಕು. ತೊಟ್ಟಿಲು, ಬಟ್ಟೆ, ಗೋಡೆಗೆ ಬಣ್ಣ ಎಲ್ಲಾ ಆಮೇಲೆ. ಆಸ್ಪತ್ರೆಗೆ ಹೋದ ರಾತ್ರಿ ಅಮ್ಮ ಇಲ್ಲದೆ ಮಗು ಮಲಗಲಿಲ್ಲ, ಅತ್ತೂ ಅತ್ತೂ ವಾಂತಿ ಮಾಡಿಕೊಂಡಿತು ಅಂತ ಹೇಳುತ್ತಾರಲ್ಲ, ಆ ಮನೆಗಳಲ್ಲಿ ಯಾರೂ ಈ ಒಂದು ಕೆಲಸ ಮಾಡಿರುವುದಿಲ್ಲ.

ಮಾಡಿದರೂ ತಲೆಕೆಳಗಾಗಿ ಮಾಡುತ್ತಾರೆ. ಮಲಗಿಸುವುದು ಅಂದರೆ ಒಂದೇ ಕೆಲಸ ಅಲ್ಲ. ಕೈಕಾಲು ತೊಳೆಯುವುದು, ಹಲ್ಲು ಉಜ್ಜುವುದು, ಉಚ್ಚೆ ಮಾಡಿಸುವುದು, ಬಟ್ಟೆ ಬದಲಿಸುವುದು, ಕತೆ, ದೀಪ ಆರಿಸುವುದು, ಬೆನ್ನು ತಟ್ಟುವುದು, ಇಷ್ಟೂ ಸೇರಿದೆ. ಈಗಿನವರು ಏನು ಮಾಡುತ್ತಾರೆಂದರೆ, ಎಲ್ಲಾ ಅಮ್ಮನೇ ಮಾಡಿ, ಕೊನೆಗೆ ಮಗು ಕಣ್ಣುಜ್ಜುವ ಹೊತ್ತಿಗೆ "ಹೋಗು, ಇವತ್ತು ಅಪ್ಪ ತಟ್ಟುತ್ತಾರೆ" ಅಂತ ಕೈಗೆ ಕೊಡುತ್ತಾರೆ. ಅದು ಮಗುವಿಗೆ ಅಮ್ಮ ತೀರಾ ಬೇಕಾಗಿರುವ ಹೊತ್ತು. ಅಳದೆ ಏನು ಮಾಡುತ್ತದೆ? ಮುಂದಿನಿಂದ ಬಿಟ್ಟುಕೊಡಬೇಕು, ಹಿಂದಿನಿಂದ ಅಲ್ಲ. ಮೊದಲು ಕೈಕಾಲು ತೊಳೆಸುವುದು, ಬಟ್ಟೆ ಹಾಕುವುದು ಇಷ್ಟೇ ಅಪ್ಪನಿಗೆ. ಅಮ್ಮ ಅಲ್ಲೇ ಕೂತಿರಬೇಕು, ಕೈ ಮಡಿಲಲ್ಲಿ, ಬಾಯಿ ಮುಚ್ಚಿ. ಬಾಯಿ ಮುಚ್ಚುವುದೇ ಕಷ್ಟ. "ಆ ಚಡ್ಡಿ ಅಲ್ಲ ರೀ, ನೀಲಿದು" ಅಂತ ಒಂದು ಮಾತು ಬಂದರೆ ಸಾಕು, ಇಲ್ಲಿ ನಿಜವಾದ ಯಜಮಾನಿ ಯಾರು ಅಂತ ಮಗುವಿಗೆ ತಿಳಿಯಿತು, ಅಪ್ಪನ ಕೈಯಿಂದ ಬಟ್ಟೆ ಕಿತ್ತುಕೊಂಡು ನಿಮ್ಮ ಹತ್ತಿರ ಓಡಿ ಬರುತ್ತದೆ. ಚಡ್ಡಿ ತಿರುವುಮುರುವಾಗಲಿ ಬಿಡಿ.

ಅದು ಸಲೀಸಾದ ಮೇಲೆ ಕತೆ. ಅಪ್ಪನ ಕತೆ ಅಪ್ಪನದೇ ಆಗಿರಬೇಕು, ನೀವು ಹೇಳುವ ಕತೆಯನ್ನು ಅವರು ಹೇಳಬಾರದು. ಹೇಳಿದರೆ "ಅಮ್ಮ ಹಿಂಗ್ ಹೇಳಲ್ಲ" ಅಂತ ಶುರುವಾಗುತ್ತದೆ. ಮುಗಿಯದ ಕತೆ ಕಟ್ಟಬೇಕು, ದಿನಕ್ಕೆ ಇಷ್ಟಿಷ್ಟೇ, ಒಳ್ಳೇ ಜಾಗಕ್ಕೆ ಬಂದಾಗ ನಿಲ್ಲಿಸಿ "ಮಿಕ್ಕಿದ್ದು ನಾಳೆ" ಅನ್ನಬೇಕು. ಮಾರನೆಯ ದಿನ ಮಗುವೇ ಅಪ್ಪನ ಕೈ ಹಿಡಿದು ಹಾಸಿಗೆಗೆ ಎಳೆದುಕೊಂಡು ಹೋಗುತ್ತದೆ. ಫೋನ್ ಮಾತ್ರ ಆ ಕೋಣೆಯೊಳಗೆ ಬೇಡ, ಕತ್ತಲಲ್ಲಿ ಅಪ್ಪನ ಮುಖದ ಮೇಲೆ ಆ ಬೆಳಕು ಬಿದ್ದರೆ ಮಗುವಿಗೆ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ದೀಪ. ಈಗ ಅಪ್ಪ ಒಂದು ಪಕ್ಕ, ಅಮ್ಮ ಇನ್ನೊಂದು ಪಕ್ಕ, ತಟ್ಟುವುದು ಅಪ್ಪ. ಕೆಲವು ರಾತ್ರಿ ಕಳೆದ ಮೇಲೆ ಮಗು ಎಚ್ಚರವಾಗಿರುವಾಗಲೇ ನೀವು ಏಳಬೇಕು. "ನಾನು ಆಚೆ ಕೋಣೆಯಲ್ಲಿ ಇರ್ತೀನಿ, ಅಪ್ಪ ಇಲ್ಲೇ ಇರ್ತಾರೆ" ಅಂತ ಹೇಳಿ ಹೋಗಬೇಕು. ಕಳ್ಳಹೆಜ್ಜೆ ಇಟ್ಟು ಹೋಗುವುದು ಬೇಡವೇ ಬೇಡ. ಒಂದು ದಿನ ಹಾಗೆ ಮಾಡಿ ನೋಡಿ, ಮಾರನೆಯ ರಾತ್ರಿಯಿಂದ ನಿಮ್ಮ ಬಟ್ಟೆ ಮುಷ್ಟಿಯಲ್ಲಿ ಹಿಡಿದೇ ಮಲಗುತ್ತದೆ. ನಿದ್ದೆಯಲ್ಲೂ ಬಿಡುವುದಿಲ್ಲ.

ಬಟ್ಟೆ ಅಂದೆನಲ್ಲ, ಅದೇ ಇದರ ಗುಟ್ಟು. ನೀವು ತೊಟ್ಟು ತೊಟ್ಟು ಮೆತ್ತಗಾದ ಹಳೇ ಹತ್ತಿ ಬಟ್ಟೆಯಲ್ಲಿ ದೊಡ್ಡದರ ದಿಂಬಿಗೆ ಎರಡು ಕವರ್ ಹೊಲಿಯಿರಿ. ಕೈಹೊಲಿಗೆ ಸಾಕು. ಒಂದು ದಿಂಬಿನ ಮೇಲಿರುವಾಗ ಇನ್ನೊಂದನ್ನು ನೀವು ನಿಮ್ಮ ದಿಂಬಿನ ಮೇಲೆ ಹಾಸಿಕೊಂಡು ಎರಡು ಮೂರು ರಾತ್ರಿ ಮಲಗಿ, ಆಮೇಲೆ ಅದಲುಬದಲು ಮಾಡಿ. ಒಗೆಯುವಾಗ ವಾಸನೆಯ ಸೋಪು ಹಾಕಬೇಡಿ, ನಿಮ್ಮ ಮೈವಾಸನೆ ಉಳಿಯಲಿ ಅಂತಲೇ ಇಷ್ಟೆಲ್ಲಾ ಮಾಡುವುದು. ಆಸ್ಪತ್ರೆಗೆ ಹೊರಡುವ ರಾತ್ರಿ ನೀವು ಕೊನೆಯದಾಗಿ ಹಾಸಿಕೊಂಡು ಮಲಗಿದ್ದ ಕವರ್ ದೊಡ್ಡದರ ತಲೆಯ ಕೆಳಗಿರಬೇಕು. ಇದು ದೊಡ್ಡ ಮಗುವಿಗೆ ಮಾತ್ರ. ಕೂಸಿನ ಹತ್ತಿರ ದಿಂಬೂ ಬೇಡ, ಸಡಿಲ ಬಟ್ಟೆಯೂ ಬೇಡ, ಉಸಿರುಗಟ್ಟುತ್ತದೆ.

ಕೊನೆಯ ಹಂತ ನಡುರಾತ್ರಿ. ಮಗು ಎದ್ದರೆ ಮೊದಲು ಓಗೊಡುವವರು ಅಪ್ಪ. ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ, ಹಿಡಿಯಲಿ. ನಡುವೆ ಜ್ವರ ಬಂತು, ಕಿವಿ ನೋವು ಬಂತು ಅಂದರೆ ಅಮ್ಮನೇ ಮಗುವಿನ ಪಕ್ಕಕ್ಕೆ ಹೋಗಲಿ, ವಾಸಿಯಾದ ಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ. ಹೆರಿಗೆಗೆ ಅಪ್ಪನೂ ಜೊತೆಗೆ ಹೋಗುವುದಾದರೆ ಆ ರಾತ್ರಿ ಮನೆಯಲ್ಲಿ ಉಳಿಯುವವರು ಅಜ್ಜಿಯೋ ಚಿಕ್ಕಮ್ಮನೋ, ಅವರೂ ಕೊನೆಯ ತಿಂಗಳಲ್ಲಿ ಆಗಾಗ ಬಂದು ಮಲಗಿಸಬೇಕು.

ನನಗೆ ನೋವು ಶುರುವಾದದ್ದು ನಡುರಾತ್ರಿ. ದೊಡ್ಡವನ ಪಕ್ಕಕ್ಕೆ ನನ್ನ ತಂಗಿ ಬಂದು ಮಲಗಿದಳು. ಅವನು ಒಮ್ಮೆ ಎದ್ದು, ಕತ್ತಲಲ್ಲಿ ದಿಂಬು ಸವರಿ ನೋಡಿಕೊಂಡು, "ಆಮೇಲೆ ಕರಡಿ ಏನ್ಮಾಡ್ತು?" ಅಂತ ಕೇಳಿದನಂತೆ. ಕತೆ ಎಲ್ಲಿಗೆ ಬಂದಿದೆ ಅಂತ ನಮ್ಮವರು ಅವಳಿಗೆ ಆಗಾಗ ಹೇಳಿಟ್ಟಿದ್ದರು, ಹಾಗಾಗಿ ಕರಡಿಯನ್ನು ಅವಳು ಹೊಳೆ ದಾಟಿಸಿದಳು. ಅವನು ಮಲಗಿದ. ಇಷ್ಟಕ್ಕೇ ನಾನು ಹೇಳುವುದು, ಕತೆಯ ಲೆಕ್ಕವನ್ನೂ ಕೈ ಬದಲಿಸಿಕೊಡಬೇಕು ಅಂತ.

ಈ ಮೂರು ತಿಂಗಳಲ್ಲಿ ಬೇರೆ ಯಾವ ಹೊಸ ಪಾಠವೂ ಬೇಡ. ಡಯಾಪರ್ ಬಿಡಿಸುವುದು, ಹೊಸ ಮಂಚ, ಪ್ಲೇಸ್ಕೂಲು ಎಲ್ಲಾ ಒಟ್ಟಿಗೆ ಅಂತ ಹೊರಡುತ್ತಾರೆ, ಮಗು ಎಷ್ಟಕ್ಕೆ ಒಗ್ಗಬೇಕು? ಚೆನ್ನಾಗಿ ಕಲಿತಿದ್ದ ಮಗುವೂ ಪಾಪು ಬಂದ ಮೇಲೆ ಚಡ್ಡಿ ಒದ್ದೆ ಮಾಡಿಕೊಳ್ಳಬಹುದು. ಬೈಯದೆ ಬದಲಿಸಿ, ತಾನಾಗಿ ಸರಿಹೋಗುತ್ತದೆ.

ಹಳೇ ಪಾಪು ಬಟ್ಟೆ ತೆಗೆಯುವವರಿಗೆ ಒಂದು ಮಾತು. ನುಸಿಗುಳಿಗೆ ಹಾಕಿ ಇಟ್ಟ ಬಟ್ಟೆಯನ್ನು ಕೊಡವಿ ಹಾಗೆಯೇ ತೊಡಿಸುತ್ತಾರೆ, ಕೇಳಿದರೆ ಒಗೆದೇ ಇಟ್ಟಿದ್ದೆ ಅನ್ನುತ್ತಾರೆ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವ ಕೂಸುಗಳಿಗೆ ಆ ಗುಳಿಗೆಯ ಆವಿಯಿಂದ ರಕ್ತಕಣಗಳೇ ಒಡೆದು ಕಾಮಾಲೆ ಏರಬಹುದು. ನಿಮ್ಮ ಕೂಸಿಗೆ ಅದು ಇದೆಯೋ ಇಲ್ಲವೋ ಮೊದಲೇ ಹೇಗೆ ಗೊತ್ತು? ಬೀರುವಿನಿಂದ ಗುಳಿಗೆ ಎಸೆಯಿರಿ, ಬಟ್ಟೆಯನ್ನು ಒಗೆದು ವಾಸನೆ ಪೂರ್ತಿ ಹೋಗುವ ತನಕ ಗಾಳಿಗೆ ಹರವಿ. ಪೂರ್ತಿ ಒಣಗಿದ ಮೇಲೆ ಮಡಿಸಿ. ಹೊಲಿಗೆಯ ಅಂಚು ತಣ್ಣಗಿದ್ದರೆ ಒಣಗಿಲ್ಲ ಅಂತಲೇ ಅರ್ಥ.

ದೊಡ್ಡದರ ಎಂಜಲು ಚಮಚ ಬಾಯಿಗಿಡುವ ಅಭ್ಯಾಸ ಈಗ ನಿಲ್ಲಲಿ. ಚಿಕ್ಕ ಮಕ್ಕಳ ಜೊಲ್ಲು, ಉಚ್ಚೆಯಲ್ಲಿ ಸಿಎಂವಿ ಅನ್ನುವ ವೈರಸ್ ಇರಬಹುದು, ಮಗುವಿಗೆ ಏನೂ ಕಾಣಿಸದಿದ್ದರೂ ಹೊಟ್ಟೆಯಲ್ಲಿರುವುದಕ್ಕೆ ಕಿವಿ ಕೇಳಿಸದಂಥ ತೊಂದರೆ ಕೊಡಬಹುದು. ಮುತ್ತು ಹಣೆಗೋ ನೆತ್ತಿಗೋ ಕೊಡಿ. ಡಯಾಪರ್ ಬದಲಿಸಿದ ಮೇಲೆ ಸೋಪು ಹಾಕಿ ನಿಧಾನವಾಗಿ ಕೈ ತೊಳೆಯಿರಿ.

ಮೊದಲ ಹೆರಿಗೆಯ ಫೈಲ್ ಹುಡುಕಿ ತೆಗೆಯಿರಿ. "ಎಲ್ಲಾ ಗೊತ್ತು, ಎರಡನೆಯದು ತಾನೇ" ಅಂತ ಅಸಡ್ಡೆ ಬೇಡ. ಹಿಂದಿನ ಸಲ ಸಕ್ಕರೆ ಏರಿತ್ತೇ, ಸಿಸೇರಿಯನ್ ಆಗಿತ್ತೇ, ಎಲ್ಲಾ ಡಾಕ್ಟರಿಗೆ ಮೊದಲ ದಿನವೇ ಹೇಳಬೇಕು. ನಿಮ್ಮ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಎರಡನೆಯದಕ್ಕೇ ಜಾಸ್ತಿ ಎಚ್ಚರ ಬೇಕು. ನಿಮ್ಮ ಮೈ ಕೂಸಿನ ರಕ್ತಕಣಗಳ ಮೇಲೆ ತಿರುಗಿಬೀಳದ ಹಾಗೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ 28ನೇ ವಾರದ ಸುಮಾರಿಗೆ ಒಮ್ಮೆ, ಕೂಸು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ ಕೊಡುತ್ತಾರೆ. ಹಿಂದೆ ಕೊಟ್ಟಿದ್ದರೇ ಅಂತ ಕೇಳುತ್ತಾರೆ, ಫೈಲ್ ಬೇಕು. ಎರಡನೇ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ಮೊದಲ ಸಲದ ಹಾಗೆ ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಮಗುವಿನ ಮಿಸುಕಾಟ ಕಡಿಮೆಯಾಯಿತು ಅನ್ನಿಸಿದರೂ ಅಷ್ಟೇ, ಬೆಳಗಾಗಲಿ ಅನ್ನದೆ ಹೊರಡಿ.

ಮನೆಗೆ ಬರುವ ದಿನ ಕೂಸು ಬೇರೆಯವರ ಕೈಯಲ್ಲಿರಲಿ, ನಿಮ್ಮ ಎರಡೂ ಕೈ ದೊಡ್ಡದಕ್ಕೆ. ಆಮೇಲೂ ಬರೀ "ಸ್ವಲ್ಪ ಇರು, ಪಾಪು ಅಳ್ತಿದೆ" ಅಂತ ದೊಡ್ಡದಕ್ಕೇ ಹೇಳುತ್ತಾ ಹೋಗಬೇಡಿ. ದಿನಕ್ಕೊಂದು ಸಲವಾದರೂ ಅದಕ್ಕೆ ಕೇಳಿಸುವ ಹಾಗೆ ಕೂಸಿಗೆ ಹೇಳಿ: "ಪಾಪು, ಸ್ವಲ್ಪ ಇರು, ಅಣ್ಣನ ಕಾಲು ತೊಳೆದು ಬರ್ತೀನಿ." ಕೂಸಿಗೆ ಏನೂ ಆಗುವುದಿಲ್ಲ. ಮೈಯಲ್ಲಿ ಕಸುವು ಬಂತು ಅಂತ ರಾತ್ರಿಯ ಕೆಲಸವನ್ನು ಅಪ್ಪನ ಕೈಯಿಂದ ಕಿತ್ತುಕೊಳ್ಳಲು ಮಾತ್ರ ಹೋಗಬೇಡಿ. ಕೂಸು ರಾತ್ರಿಯಿಡೀ ಮಲಗಲು ಕಲಿಯುವ ತನಕ ದೊಡ್ಡದು ಅಪ್ಪನ ಪಕ್ಕದಲ್ಲೇ ಮಲಗಲಿ.