ಕೋಳಿ ಫೀಡ್ ನಾವೇ ಮಿಕ್ಸ್ ಮಾಡೋಕೆ ಶುರು ಮಾಡಿದ್ಮೇಲೆ ಗೊತ್ತಾಗಿದ್ದು

ನಮ್ದು ರಾಣೆಬೆನ್ನೂರು ಕಡೆ ಹಳ್ಳಿ, 150 ಗಿರಿರಾಜ ಕೋಳಿ ಇದಾವೆ, ಎಲ್ಲಾ ಮೊಟ್ಟೆಗೇ ಸಾಕಿರೋದು. ಸುತ್ತ ಎಲ್ಲಿ ನೋಡಿದ್ರೂ ಮೆಕ್ಕೆಜೋಳ, ಆದ್ರೂ ಫೀಡ್ ಚೀಲ ದುಡ್ಡು ಕೊಟ್ಟು ತರ್ತಿದ್ವಿ, ಬಂದ ದುಡ್ಡೆಲ್ಲ ಅದಕ್ಕೇ ಹೋಗ್ತಿತ್ತು, ಅದಕ್ಕೆ ನಾವೇ ಮಿಕ್ಸ್ ಮಾಡೋಣ ಅಂತ ಇಳಿದ್ವಿ.

ಮೊದಲನೇ ವರ್ಷವೇ ಪೆಟ್ಟು ಬಿತ್ತು. ಕಟಾವಿನ ಟೈಮಲ್ಲಿ ಮಳೆ ಹಿಡ್ಕೊಂಡಿತ್ತು, ಒಬ್ರು ವ್ಯಾಪಾರಿ ಹತ್ರ ಕಮ್ಮಿ ರೇಟಿಗೆ ಸಿಕ್ತು ಅಂತ 10 ಚೀಲ ಮೆಕ್ಕೆಜೋಳ ತಂದು ಒಟ್ಟಿದ್ವಿ, ಹದಿನೈದು ದಿನ ಬಿಟ್ಟು ಚೀಲದೊಳಗೆ ಕೈ ಹಾಕಿದ್ರೆ ಒಳಗೆ ಬೆಚ್ಚಗೆ ಇತ್ತು, ಕಾಳಿನ ಮೂತಿ ಕಪ್ಪಾಗಿತ್ತು. ಅಷ್ಟೊತ್ತಿಗೆ ಕೋಳಿ ಮಂಕಾಗಿ ಮೊಟ್ಟೆ ಅರ್ಧಕ್ಕೆ ಇಳಿದಿತ್ತು, ಸತ್ತ ಒಂದನ್ನ ಡಾಕ್ಟ್ರು ಕೊಯ್ದು ತೋರ್ಸಿದ್ರು, ಲಿವರ್ ಹಳದಿಗೆ ತಿರುಗಿತ್ತು. ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್ ಅಂದ್ರು. ಹುರಿದು ಹಾಕ್ಲಾ ಅಂತ ಕೇಳ್ದೆ, ಬೂಷ್ಟು ಸಾಯುತ್ತೆ ಆದ್ರೆ ವಿಷ ಹೋಗಲ್ಲ ಅಂದ್ರು. ಆರು ಚೀಲ ಉಳಿದಿತ್ತು, ಅಷ್ಟನ್ನೂ ಗುಂಡಿಗೆ ಹಾಕಿದ್ವಿ, ಈಗ್ಲೂ ನೆನಪಾದ್ರೆ ಹೊಟ್ಟೆ ಉರಿಯುತ್ತೆ.

ಈಗ ತಗೊಳೋಕ್ ಮುಂಚೆ ಚೀಲದ ಮೇಲಿನ ಕಾಳು ನೋಡಲ್ಲ, ನಡುವಿನಿಂದ ಒಂದು ಹಿಡಿ ತೆಗೆಸ್ತೀನಿ. ಹಲ್ಲಲ್ಲಿ ಕಚ್ಚಿದ್ರೆ ಕಟ್ ಅನ್ಬೇಕು, ಮೆತ್ತಗೆ ಅಮುಕಿಕೊಂಡ್ರೆ ಹಸಿ ಇದೆ ಅಂತ ಅರ್ಥ. ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇದ್ರೆ 12 ಪರ್ಸೆಂಟ್ ಒಳಗೆ ಇರ್ಬೇಕು. ಶೇಂಗಾ ಹಿಂಡಿಯಲ್ಲೂ ಇದೇ ಬೂಷ್ಟಿನ ಕಾಟ, ನಾನಂತೂ ಬಿಟ್ಟೇ ಬಿಟ್ಟೆ.

ಮೆಕ್ಕೆಜೋಳದಿಂದ ಶಕ್ತಿ ಸಿಗುತ್ತೆ, ಮೊಟ್ಟೆ ಒಳಗಿನ ಭಂಡಾರಕ್ಕೆ ಹಳದಿ ಬಣ್ಣ ಬರೋದೂ ಅದ್ರಿಂದಲೇ, ಆದ್ರೆ ಪ್ರೋಟೀನ್ ಬರೀ 9 ಪರ್ಸೆಂಟ್ ಹತ್ರ. ಮೊಟ್ಟೆ ಕೋಳಿಗೆ 16-17 ಬೇಕು, ಆ ಕೊರತೆನ ನಾವು ಸೋಯಾ ಹಿಂಡಿಯಿಂದ ತುಂಬ್ತೀವಿ, ಅದ್ರಲ್ಲಿ 45ರ ಆಸುಪಾಸು ಇರುತ್ತೆ. ಹುರಿಯದ ಹಸಿ ಸೋಯಾ ಕಾಳು ಒಡೆಸಿ ಹಾಕೋರು ಇದಾರೆ, ದಯವಿಟ್ಟು ಹಾಕ್ಬೇಡಿ, ಅದು ಪ್ರೋಟೀನ್ ಜೀರ್ಣ ಆಗೋಕೇ ಬಿಡಲ್ಲ.

100 ಕೆಜಿಗೆ ನಮ್ಮ ಲೆಕ್ಕ: ಮೆಕ್ಕೆಜೋಳ 55, ಸೋಯಾ ಹಿಂಡಿ 22, ಎಣ್ಣೆ ತೆಗೆದ ಅಕ್ಕಿ ತೌಡು 12, ಶೆಲ್ ಗ್ರಿಟ್ (ಕ್ಯಾಲ್ಸಿಯಂಗೆ ಹಾಕೋ ಚಿಪ್ಪಿನ ಚೂರು) 8, ಡಿಸಿಪಿ (ಕ್ಯಾಲ್ಸಿಯಂ, ರಂಜಕ ಕೊಡೋ ಪುಡಿ) ಒಂದೂವರೆ ಕೆಜಿ, ಉಪ್ಪು 300 ಗ್ರಾಂ, ಉಳಿದಿದ್ದು ಮಿನರಲ್, ವಿಟಮಿನ್, ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲ. ಉಪ್ಪು ವಿಟಮಿನ್ ಎಲ್ಲ ಮೊದ್ಲು ಎರಡು ಕೆಜಿ ತೌಡಲ್ಲಿ ಚೆನ್ನಾಗಿ ಕಲಸಿ ಆಮೇಲೆ ದೊಡ್ಡ ರಾಶಿಗೆ ಸೇರಿಸ್ತೀವಿ, ಇಲ್ಲಾಂದ್ರೆ ಒಂದೇ ಕಡೆ ಉಳ್ಕೊಳುತ್ತೆ. ತೌಡು ತರೋವಾಗ ಒಂದು ಲೋಟ ನೀರಿಗೆ ಸ್ವಲ್ಪ ಹಾಕಿ ನೋಡಿ, ಭತ್ತದ ಹೊಟ್ಟು ಬೆರೆಸಿದ್ರೆ ಮೇಲೆ ತೇಲುತ್ತೆ, ಮಣ್ಣು ಮರಳು ತಳಕ್ಕೆ ಕೂರುತ್ತೆ. ಒಂದು ಕೋಳಿ ದಿನಕ್ಕೆ 120 ಗ್ರಾಂ ಹತ್ರ ತಿನ್ನುತ್ತೆ, ಹಂಗಾಗಿ ಒಂದು ವಾರಕ್ಕೆ ಆಗೋಷ್ಟೇ ಒಡೆಸೋದು, ಅದೂ ರವೆ ತರ, ಹಿಟ್ಟು ಮಾಡಿಸಿದ್ರೆ ಕೊಕ್ಕಿಗೆ ಮೆತ್ಕೊಳುತ್ತೆ.

ರಾಗಿ ಹಾಕಿದ್ರೆ ಚಿಪ್ಪು ಗಟ್ಟಿ ಆಗುತ್ತಲ್ವಾ ಅಂತ ತುಂಬ ಜನ ಕೇಳ್ತಾರೆ. ರಾಗಿ ಒಳ್ಳೇ ಧಾನ್ಯನೇ, ಮೆಕ್ಕೆಜೋಳ ಸಿಗದಾಗ ಸ್ವಲ್ಪ ಹಾಕ್ಬಹುದು, ಆದ್ರೆ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಅರ್ಧ ಗ್ರಾಮೂ ಇಲ್ಲ, ಒಂದು ಮೊಟ್ಟೆ ಚಿಪ್ಪಿಗೇ ಎರಡು ಗ್ರಾಂ ಹೋಗುತ್ತೆ. ಶೆಲ್ ಗ್ರಿಟ್ ಬೇಕೇ ಬೇಕು. ಆದ್ರೆ ಈ ಫೀಡ್ ಮರಿಗಳಿಗೆ ಹಾಕ್ಬೇಡಿ, ಅಷ್ಟು ಸುಣ್ಣದಂಶಕ್ಕೆ ಅವುಗಳ ಕಿಡ್ನಿ ಕೆಡುತ್ತೆ.

ಸಂಜೆ ನಾಲ್ಕರ ಮೇಲೆ ಒಂದು ಬೋಗುಣಿಯಲ್ಲಿ ಬೇರೆಯಾಗಿ ಒಂದಿಷ್ಟು ದಪ್ಪ ಗ್ರಿಟ್ ಇಡ್ತೀನಿ, ಯಾಕಂದ್ರೆ ಚಿಪ್ಪು ಕಟ್ಟೋದು ಹೆಚ್ಚಾಗಿ ರಾತ್ರಿ ಹೊತ್ತು. ಎಲ್ಲವೂ ಬರಲ್ಲ, ಬೇಕಾದ ಕೋಳಿ ಮಾತ್ರ ಬಂದು ನಾಲ್ಕು ಚೂರು ಕುಕ್ಕಿ ಹೋಗುತ್ತೆ.