ನನ್ನ ಹೆಸರಲ್ಲಿ ಇನ್ಯಾರೋ ಹಣ ಕೇಳಿದ ಮೇಲೆ

"ಮಿಸ್, ಅಮ್ಮಂಗೆ ಈಗ ಹೇಗಿದೆ? ಆಪರೇಷನ್ ಆಯ್ತಾ?" ಎಂದು ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿದಾಗ ನಾನು ಸಂಜೆ ಪಾಠಕ್ಕೆ ತಂಬೂರಿ ಶ್ರುತಿ ಮಾಡುತ್ತಿದ್ದೆ. ಅಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಫೇಸ್‌ಬುಕ್‌ನಲ್ಲಿ ನನ್ನದೇ ಹೆಸರು, ನನ್ನದೇ ಫೋಟೊ ಹಾಕಿಕೊಂಡ ಯಾರೋ ಅವಳಿಂದ 8,000 ರೂಪಾಯಿ ಹಾಕಿಸಿಕೊಂಡು ಆಗಲೇ ಎರಡು ದಿನವಾಗಿತ್ತು.

ದಾವಣಗೆರೆಯಲ್ಲಿ 18 ವರ್ಷದಿಂದ ಮನೆಯಲ್ಲೇ ಸಂಗೀತ ಹೇಳಿಕೊಡುತ್ತಿದ್ದೇನೆ. ಬೋರ್ಡಿಲ್ಲ, ಜಾಹೀರಾತಿಲ್ಲ. ಹೆಸರು ಕೇಳಿಯೇ ಜನ ಮಕ್ಕಳನ್ನು ಕಳಿಸುತ್ತಾರೆ. ಆ ಹೆಸರಿಟ್ಟುಕೊಂಡು ಒಬ್ಬ ಹುಡುಗಿಗೆ ಮೋಸವಾಯಿತಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಖಾತೆಯನ್ನು ನಾನು ಹುಡುಕಿದರೆ ಕಾಣಲೇ ಇಲ್ಲ. ಅಳಿಸಿ ಓಡಿಹೋಗಿದ್ದಾನೆ ಅಂದುಕೊಂಡೆ. ನಿಜ ಏನೆಂದರೆ, ಇಂಥವರು ಮೊದಲು ಬ್ಲಾಕ್ ಮಾಡುವುದೇ ಅಸಲಿ ಮನುಷ್ಯರನ್ನು. ಶಿಷ್ಯೆಯ ಫೋನಿನಲ್ಲಿ ಅದು ಹಾಗೇ ಇತ್ತು. ಸಿಟ್ಟಿನಲ್ಲಿ ಪಾಠದ ವಾಟ್ಸಾಪ್ ಗ್ರೂಪಿಗೆ "ಎಲ್ಲರೂ ರಿಪೋರ್ಟ್ ಮಾಡಿ" ಎಂದು ಹಾಕಿಬಿಟ್ಟೆ. ಅರ್ಧ ಗಂಟೆಯಲ್ಲಿ ಅವನು ಹೆಸರು, ಫೋಟೊ ಎರಡನ್ನೂ ಬದಲಿಸಿದ. ನನ್ನ ಕೈಯಲ್ಲಿ ಒಂದು ಸ್ಕ್ರೀನ್‌ಶಾಟೂ ಇರಲಿಲ್ಲ.

ಉಳಿಸಿದ್ದು ಶಿಷ್ಯೆ ಅಳಿಸದೇ ಇಟ್ಟಿದ್ದ ಮೆಸೆಂಜರ್ ಚಾಟು. ಅದರಿಂದ ಪ್ರೊಫೈಲ್ ತೆರೆದು ಲಿಂಕ್ ನಕಲು ಮಾಡಿಕೊಂಡೆವು. ಹೆಸರು ಎಷ್ಟು ಸಲ ಬದಲಾದರೂ ಆ ಲಿಂಕ್‌ನಲ್ಲಿರುವ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ಯಾರೇ ಕೇಳಿದರೂ ಈಗ ಹೇಳುತ್ತೇನೆ: ಮೊದಲು ಲಿಂಕ್, ಚಾಟು, ಹಣ ಹೋದ ಯುಪಿಐ ಐಡಿ, ದಿನಾಂಕ, ಸಮಯ ಎಲ್ಲ ತೆಗೆದಿಟ್ಟುಕೊಳ್ಳಿ. ರಿಪೋರ್ಟ್ ಆಮೇಲೆ. ಪ್ರೊಫೈಲಿನ ಮೂರು ಚುಕ್ಕೆ ಒತ್ತಿ, ನಕಲಿ ಖಾತೆ ಎಂದು ಆರಿಸಿ, ಯಾರ ನಕಲಿ ಎಂಬುದನ್ನೂ ತೋರಿಸಬೇಕು. ಮೂರನೇ ದಿನ ಖಾತೆ ಹೋಯಿತು.

ಹಣದ ವಿಷಯದಲ್ಲಿ ಮಾತ್ರ ತಡವಾಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅವಳಿಂದ ಫೋನ್ ಮಾಡಿಸಿದೆ, ಆದರೆ ದುಡ್ಡು ಅಷ್ಟರಲ್ಲೇ ಬೇರೆ ಖಾತೆಗೆ ದಾಟಿತ್ತು. ಕೂಡಲೇ ಕರೆ ಮಾಡಿದ್ದರೆ ಬ್ಯಾಂಕಿನಲ್ಲೇ ತಡೆಹಿಡಿಸುವ ಅವಕಾಶ ಇರುತ್ತಿತ್ತು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ನಾನೂ ಬೇರೆಯಾಗಿ ದೂರು ಕೊಟ್ಟೆ. ಇನ್ನೊಬ್ಬರ ವೇಷದಲ್ಲಿ ಆನ್‌ಲೈನ್‌ನಲ್ಲಿ ವಂಚಿಸುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಮಿನಲ್ಲಿ 3 ವರ್ಷದವರೆಗೆ ಜೈಲಿದೆ. ಹಣ ಕಳೆದುಕೊಂಡವರು ಮಾತ್ರ ದೂರು ಕೊಡಬೇಕು ಎಂದೇನಿಲ್ಲ.

ಅವತ್ತಿನಿಂದ ನನ್ನ ಹೆಸರು ಎಲ್ಲೆಲ್ಲಿದೆ ಎಂದು ನಾನೇ ಹುಡುಕಲು ಶುರುಮಾಡಿದೆ. ನಮ್ಮ ಹೆಸರುಗಳ ಕಷ್ಟ ತಿಳಿದದ್ದು ಆಗಲೇ. ನಾನು ವಿಜಯಲಕ್ಷ್ಮಿ. ಇಂಗ್ಲಿಷಿನಲ್ಲಿ ಒಬ್ಬರು ಕೆ-ಎಸ್-ಎಚ್ ಹಾಕಿ ಬರೆಯುತ್ತಾರೆ, ಒಬ್ಬರು ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಜೆ-ಎ-ವೈ ಆದಮೇಲಿನ ಎ ಬಿಡುತ್ತಾರೆ. ಇನಿಷಿಯಲ್ ಹಿಂದೆ, ಮುಂದೆ ಬೇರೆ. ಪ್ರತಿಯೊಂದನ್ನೂ ಉದ್ಧರಣ ಚಿಹ್ನೆಯೊಳಗಿಟ್ಟು, ಜೊತೆಗೆ ಊರಿನ ಹೆಸರು ಸೇರಿಸಿ ಹುಡುಕಿದೆ. ಆಮೇಲೆ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಸಿಗದ ಒಂದು ಹಳೆಯ ಪುಟ ಕನ್ನಡದಲ್ಲಿ ಸಿಕ್ಕಿತು. ಯಾರೋ ಹಾಕಿದ್ದ ಪಾಠದ ಪ್ರಕಟಣೆ, ಅದರಲ್ಲಿ ನಮ್ಮ ಮನೆ ನಂಬರು, ಅಡ್ಡರಸ್ತೆ, ಮೊಬೈಲ್ ಎಲ್ಲ.

ಜಾಲತಾಣದವರಿಗೆ ಮೇಲ್ ಬರೆದೆ, ತೆಗೆದರು. ಆದರೂ ಗೂಗಲ್‌ನಲ್ಲಿ ಹಳೆಯ ಸಾಲುಗಳು ಕಾಣುತ್ತಲೇ ಇದ್ದವು. ಅಸಲಿ ಪುಟ ಹೋದಮೇಲೂ ಉಳಿದ ಇಂಥದ್ದನ್ನು ತೆಗೆಸಲು ಗೂಗಲ್‌ನಲ್ಲೇ ಅರ್ಜಿ ಪುಟವಿದೆ. ಲಿಂಕ್ ಕೊಟ್ಟೆ, ಕೆಲವು ದಿನಕ್ಕೆ ಅದೂ ಹೋಯಿತು. ಈಗ ನಾಲ್ಕು ಬಗೆಯ ಬರಹಕ್ಕೂ ಗೂಗಲ್ ಅಲರ್ಟ್ ಹಾಕಿಟ್ಟಿದ್ದೇನೆ, ಹೊಸದಾಗಿ ಏನಾದರೂ ಬಂದರೆ ಮೇಲ್ ಬರುತ್ತದೆ. ವಾಟ್ಸಾಪ್ ಗ್ರೂಪು, ಮೆಸೆಂಜರ್ ಒಳಗಿನ ಮಾತು ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಜನರೇ ಬೇಕು. ಫೇಸ್‌ಬುಕ್‌ನ ಸ್ನೇಹಿತರ ಪಟ್ಟಿಯನ್ನೂ ಮುಚ್ಚಿದ್ದೇನೆ. ಶಿಷ್ಯರ ಹೆಸರುಗಳು ಅವನಿಗೆ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು.

ಆ 8,000 ಕೊಡಲು ಹೋದರೆ ಹುಡುಗಿ ಒಪ್ಪಲಿಲ್ಲ. "ನಿಮ್ಮ ಅಮ್ಮ ಅಂದ್ಕೊಂಡೇ ಹಾಕಿದ್ದು ಮಿಸ್" ಅಂದಳು. ಈಗ ನನ್ನ ಹೆಸರಲ್ಲಿ ಏನೇ ಮೆಸೇಜ್ ಬಂದರೂ ಮೊದಲು ಫೋನ್ ಮಾಡಿ ನನ್ನ ದನಿ ಕೇಳುತ್ತಾಳೆ.