ಬೂದಳಿಲು ಹಿಡಿದು ಕೆಂಪಳಿಲು ಉಳಿಸಿದ್ದು

ಇಂಗ್ಲೆಂಡಿನಲ್ಲಿ ಅಳಿಲು ಉಳಿಸುವ ಕೆಲಸ ಸಿಕ್ಕಿದೆ ಅಂದಾಗ ತೀರ್ಥಹಳ್ಳಿಯಲ್ಲಿ ಅಮ್ಮನಿಗೆ ಖುಷಿಯೋ ಖುಷಿ. ರಾಮನ ಅಳಿಲು ನೆನಪಾಗಿರಬೇಕು. ಆರು ತಿಂಗಳಾದ ಮೇಲೆ ಒಂದು ದಿನ ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ, ಈ ವಾರ 11 ಅಳಿಲು ಕೊಂದೆವು ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಯ್ಯೋ, ಅಳಿಲು ಕೊಲ್ಲೋಕೆ ಅಷ್ಟು ದೂರ ಹೋಗ್ಬೇಕಿತ್ತೇನೇ?" ಅಂದಳು.

ಅವತ್ತು ಅಮ್ಮನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಬ್ರಿಟನ್ನಿನ ಸ್ವಂತ ಅಳಿಲು ಅಂದರೆ ಕೆಂಪಳಿಲು. ಗೇಣುದ್ದದ ಮೈ, ಸುಮಾರು 300 ಗ್ರಾಂ ತೂಕ, ಚಳಿಗಾಲದಲ್ಲಿ ಕಿವಿಯ ಮೇಲೆ ಕೂದಲಿನ ಜುಟ್ಟು. 1876ರಲ್ಲಿ ಚೆಷೈರ್‌ನ ಹೆನ್‌ಬರಿ ಪಾರ್ಕ್ ಎಂಬ ಎಸ್ಟೇಟಿನಲ್ಲಿ ಅಮೆರಿಕದ ಬೂದಳಿಲುಗಳನ್ನು ಶೋಕಿಗೆ ತಂದು ಬಿಟ್ಟರು. ಅವರನ್ನು ನೋಡಿ ಇನ್ನೂ ಎಷ್ಟೋ ಜನ ದೊಡ್ಡ ಮನೆಯವರು ಬಿಟ್ಟರು. ಈಗ ಬೂದಳಿಲು 25 ಲಕ್ಷಕ್ಕೂ ಜಾಸ್ತಿ ಇವೆ ಎಂಬ ಅಂದಾಜಿದೆ. ಉಳಿದಿರುವ ಕೆಂಪಳಿಲುಗಳಲ್ಲಿ ಬಹುಪಾಲು ಸ್ಕಾಟ್ಲೆಂಡಿನಲ್ಲಿವೆ. ಇಂಗ್ಲೆಂಡಿನಲ್ಲಿ ಉತ್ತರದ ಕೆಲವು ಕಾಡು, ಐಲ್ ಆಫ್ ವೈಟ್‌ನಂಥ ದ್ವೀಪ, ಅಷ್ಟೇ.

ಬೂದಳಿಲು ಕೆಂಪಳಿಲನ್ನು ಕಚ್ಚಿ ಓಡಿಸುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಅದು ಸುಮ್ನೆ ಕೆಂಪಳಿಲಿನ ಆಹಾರವನ್ನು ತಿಂದು ಮುಗಿಸುತ್ತದೆ. ಓಕ್ ಮರದ ಬೀಜ ಅದಕ್ಕೆ ಸಲೀಸಾಗಿ ಜೀರ್ಣವಾಗುತ್ತದೆ, ಕೆಂಪಳಿಲಿಗೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಇದರ ಜೊತೆಗೆ ಸ್ಕ್ವಿರಲ್ ಪಾಕ್ಸ್ ಎಂಬ ವೈರಸ್ಸನ್ನೂ ಹೊತ್ತು ತಿರುಗುತ್ತದೆ. ತನಗೆ ಏನೂ ಆಗುವುದಿಲ್ಲ. ಕೆಂಪಳಿಲಿಗೆ ತಗಲಿದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಸಾವು. ಪಾಕ್ಸ್ ಇರುವ ಕಡೆ ಕೆಂಪಳಿಲು ಹೋಗಿ ಬೂದಳಿಲು ನೆಲೆಯೂರುವ ವೇಗ 17ರಿಂದ 25 ಪಟ್ಟು ಜಾಸ್ತಿ.

ನನ್ನ ಪಾಲಿಗೆ ಬಂದದ್ದು ಉತ್ತರ ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಪೆನ್ರಿತ್ ಹತ್ತಿರದ ಒಂದು ಕಣಿವೆ. ನಾನೊಬ್ಬಳೇ ಸಂಬಳದವಳು, ಉಳಿದವರೆಲ್ಲ ವಾಲಂಟಿಯರ್‌ಗಳು. ಅದರಲ್ಲೂ ಮುಕ್ಕಾಲು ಜನ ಕೆಲಸದಿಂದ ನಿವೃತ್ತರಾದವರು.

ಮೊದಲ ಕೆಲಸ, ಎಲ್ಲಿ ಯಾವುದು ಇದೆ ಎಂದು ತಿಳಿಯುವುದು. ಬಣ್ಣ ನಂಬುವ ಹಾಗಿಲ್ಲ. ಬೇಸಿಗೆಯಲ್ಲಿ ಬೂದಳಿಲಿನ ಬೆನ್ನೂ ಕೆಂಪಗಾಗುತ್ತದೆ. ಮನೆಯವರು "ಕೆಂಪಳಿಲು ನೋಡಿದೆ" ಎಂದು ಫೋನ್ ಮಾಡಿದರೆ ನಾನು ಮೊದಲು ಬಾಲದ ಬಗ್ಗೆ ಕೇಳುತ್ತಿದ್ದೆ. ಬಾಲದ ಅಂಚಿನಲ್ಲಿ ಬಿಳಿ ಇದ್ದರೆ ಅದು ಬೂದಳಿಲೇ. ನನಗೆ ಇಷ್ಟವಾದ ವಿಧಾನ ಮಾತ್ರ ಕೂದಲಿನ ಕೊಳವೆ. ಮಳೆನೀರಿನ ಪೈಪಿನ ಗೇಣುದ್ದದ ತುಂಡನ್ನು ಕೊಂಬೆಗೆ ಕಟ್ಟಬೇಕು. ಒಳಗೆ ಕಾಳು, ಮೇಲ್ಗಡೆ ಅಂಟಿನ ಪಟ್ಟಿ. ಅಳಿಲು ನುಗ್ಗುವಾಗ ಬೆನ್ನಿನ ಎರಡು ಕೂದಲು ಅಂಟಿಕೊಳ್ಳುತ್ತವೆ. ಅದನ್ನು ಮೆಥಿಲೀನ್ ಬ್ಲೂ ಬಣ್ಣದಲ್ಲಿ ಅದ್ದಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಕೆಂಪಳಿಲಿನ ಕೂದಲಿನ ಉದ್ದಕ್ಕೂ ಒಂದು ನೀಲಿ ಗೆರೆ ಕಾಣುತ್ತದೆ. ಆ ಕೂದಲಿನಲ್ಲಿ ಸಣ್ಣ ಕಾಲುವೆಯಂಥ ತಗ್ಗು ಇರುತ್ತದೆ, ಬಣ್ಣ ಅಲ್ಲಿ ನಿಲ್ಲುತ್ತದೆ. ಬೂದಳಿಲಿನ ಕೂದಲು ದುಂಡಗೆ, ಗೆರೆ ಇಲ್ಲ. ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕೂತು ನೀಲಿ ಗೆರೆ ಹುಡುಕುತ್ತಿದ್ದೆ. ಸಿಕ್ಕ ದಿನ ಅನ್ನ ಎರಡು ತುತ್ತು ಜಾಸ್ತಿ ಹೋಗುತ್ತಿತ್ತು.

ನಂತರ ಬೋನು. ತಂತಿಯ ಬೋನು ತಂದು ಮೊದಲ ದಿನವೇ ಬಾಗಿಲು ಬೀಳುವ ಹಾಗೆ ಇಟ್ಟರೆ ಏನೂ ಬೀಳುವುದಿಲ್ಲ. ಬಾಗಿಲನ್ನು ತೆರೆದೇ ಕಟ್ಟಿ, ನಾಲ್ಕೈದು ದಿನ ಮೆಕ್ಕೆಜೋಳ, ಸೂರ್ಯಕಾಂತಿ ಬೀಜ ಹಾಕಿ ರೂಢಿ ಮಾಡಿಸಬೇಕು. ಅಕ್ಟೋಬರಿನಲ್ಲಿ ಇಟ್ಟು ನಾನು ಒಂದು ತಿಂಗಳು ಹಾಳು ಮಾಡಿದೆ. ಕಾಡಿನ ತುಂಬ ಓಕ್ ಬೀಜ ಉದುರಿರುವಾಗ ನಮ್ಮ ಜೋಳ ಯಾರಿಗೆ ಬೇಕು? ಕಾಡಿನಲ್ಲಿ ತಿನ್ನಲು ಏನೂ ಉಳಿಯದ ಚಳಿಗಾಲದ ಕೊನೆಯೇ ಸರಿಯಾದ ಕಾಲ. ಬೋನನ್ನು ದಿನಕ್ಕೆ ಒಂದು ಸಲವಾದರೂ ನೋಡಲೇಬೇಕು, ನಾವು ಎರಡು ಸಲ ನೋಡುತ್ತಿದ್ದೆವು. ಕೆಂಪಳಿಲು ಸಿಕ್ಕಿದ್ದರೆ ತಕ್ಷಣ ಬಿಡುಗಡೆ, ಆಮೇಲೆ ಬೋನನ್ನು ಸೋಂಕುನಿವಾರಕದಲ್ಲಿ ತೊಳೆಯುವುದು.

ಬೂದಳಿಲು ಸಿಕ್ಕಿದರೆ? "ದೂರ ತಗೊಂಡು ಹೋಗಿ ಬಿಡಬಹುದಲ್ವಾ?" ಎಂದು ಕೇಳದವರೇ ಇಲ್ಲ. ಹಿಡಿದದ್ದನ್ನು ಮತ್ತೆ ಬಿಡುವುದು ಇಲ್ಲಿ ಅಪರಾಧ. ಗೋಣಿಚೀಲಕ್ಕೆ ಓಡಿಸಿ, ತಲೆ ಮೂಲೆಗೆ ಬಂದಾಗ ಒಂದೇ ಪೆಟ್ಟು. ಮೊದಲ ವರ್ಷ ಈ ಕೆಲಸ ಮಾಡುತ್ತಿದ್ದದ್ದು ನಮ್ಮ ತಂಡದ ಒಬ್ಬ ಹಳೆಯ ಗೇಮ್‌ಕೀಪರ್, ಅಂದರೆ ಎಸ್ಟೇಟಿನ ಬೇಟೆ ಪ್ರಾಣಿ-ಪಕ್ಷಿಗಳನ್ನು ನೋಡಿಕೊಳ್ಳುತ್ತಿದ್ದವರು. ನಾನು ಕಾರಿನ ಹತ್ತಿರ ನಿಂತು ಪುಸ್ತಕದಲ್ಲಿ ಸಂಖ್ಯೆ ಬರೆದುಕೊಳ್ಳುತ್ತಿದ್ದೆ. ಎರಡನೇ ವರ್ಷ, ಬರೆಯುವವಳು ಹೊಡೆಯುವುದನ್ನೂ ಕಲಿಯಬೇಕು ಅನ್ನಿಸಿ ತರಬೇತಿ ತೆಗೆದುಕೊಂಡೆ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು ನಾವು. ಮೊದಲನೆಯದು ಚೀಲದೊಳಗೆ ಬೆಚ್ಚಗಿತ್ತು. ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ಕಣಿವೆಯ ನಡುವೆ ಒಬ್ಬ ಅಜ್ಜಿಯ ತೋಟವಿತ್ತು. ಕಿಟಕಿಗೇ ಬಂದು ಕಡಲೇಬೀಜ ತಿನ್ನುವ ಬೂದಳಿಲುಗಳು. ಒಂದೊಂದಕ್ಕೂ ಹೆಸರು. ಮೂರು ಸಲ ಟೀ ಕುಡಿದು ಮಾತಾಡಿ ಬಂದೆ, ಒಪ್ಪಲಿಲ್ಲ. ಒಂದು ತೋಟ ಬಿಟ್ಟರೂ ಅಲ್ಲಿಂದಲೇ ಮತ್ತೆ ಹಬ್ಬುತ್ತವೆ. ಕೊನೆಗೆ ಅಜ್ಜಿಯ ಬೇಲಿಯಾಚೆ ಸುತ್ತಲೂ ರೈತರ ಒಪ್ಪಿಗೆ ಪಡೆದು ಬೋನು ಇಟ್ಟೆವು. ಅಜ್ಜಿಗೆ ಅದೂ ಗೊತ್ತಿತ್ತು. ಈಗಲೂ ಅಂಗಡಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸುತ್ತಾರೆ.

ಜನರನ್ನು ಒಪ್ಪಿಸುವಾಗ ನಾನು ಯಾವಾಗಲೂ ಹೇಳುತ್ತಿದ್ದದ್ದು ವೇಲ್ಸಿನ ಆಂಗಲ್ಸಿ ದ್ವೀಪದ ಕಥೆ. 1998ರಲ್ಲಿ ಅಲ್ಲಿ ಉಳಿದಿದ್ದ ಕೆಂಪಳಿಲು ಸುಮಾರು 40. ವರ್ಷಗಟ್ಟಲೆ ಬಿಡದೆ ಬೂದಳಿಲು ಹಿಡಿದರು. ಈಗ ಕೆಂಪಳಿಲು ನೂರಾರು. ಆದರೆ ಅವರಿಗೆ ಸುತ್ತ ನೀರಿದೆ. ನಮ್ಮ ಕಣಿವೆಗೆ ಎಲ್ಲ ದಿಕ್ಕಿನಿಂದಲೂ ದಾರಿ. ಒಂದು ವರ್ಷ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು. ಮೂರು ವರ್ಷಕ್ಕೆ ಹಣ ಕೊಡುವವರಿಗೆ ಇದನ್ನು ಅರ್ಥ ಮಾಡಿಸುವುದು ಬೋನಿಗಿಂತ ಕಷ್ಟದ ಕೆಲಸ.

ನನ್ನದೇ ಒಂದು ತಪ್ಪು ಹೇಳಬೇಕು. ಮೂರನೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಫೀಡರ್ (ಕೆಂಪಳಿಲಿಗೆ ಕಾಳು ಹಾಕಿಡುವ ಮುಚ್ಚಳದ ಡಬ್ಬಿ) ಕೆಳಗೆ ಕೆಂಪಳಿಲೊಂದು ಮುದುಡಿ ಕೂತಿದೆ ಎಂದು ವಾಲಂಟಿಯರ್ ಒಬ್ಬರು ಫೋಟೋ ಕಳಿಸಿದರು. ಜಗಳದ ಗಾಯ ಇರಬಹುದು, ಶನಿವಾರ ನೋಡೋಣ ಅಂದೆ. ಶನಿವಾರ ಹೋದಾಗ ಕಣ್ಣ ರೆಪ್ಪೆ, ತುಟಿ, ಬೆರಳ ತುದಿ ಎಲ್ಲ ಹಕ್ಕಳೆ ಕಟ್ಟಿತ್ತು. ನಾನು ಹತ್ತಿರ ಹೋದರೂ ಓಡಲಿಲ್ಲ. ಪಾಕ್ಸ್. ಆ ನಾಲ್ಕು ದಿನವೂ ಉಳಿದ ಕೆಂಪಳಿಲುಗಳು ಅದೇ ಫೀಡರ್‌ನ ಮುಚ್ಚಳ ಎತ್ತಿ ತಿಂದಿದ್ದವು. ಲಸಿಕೆ ಇಲ್ಲ, ಮಾಡುವುದೇನೂ ಇಲ್ಲ. ಕಣಿವೆಯ ಫೀಡರ್‌ಗಳನ್ನೆಲ್ಲ ಅವತ್ತೇ ಇಳಿಸಿದೆವು. ಸತ್ತವನ್ನು ಎರಡೆರಡು ಚೀಲದಲ್ಲಿ ಸುತ್ತಿ ಪರೀಕ್ಷೆಗೆ ಕಳಿಸಿದೆವು. 2008ರಲ್ಲಿ ಲಿವರ್‌ಪೂಲ್ ಹತ್ತಿರದ ಫಾರ್ಮ್‌ಬಿ ಕರಾವಳಿಯ ಕಾಡಿನಲ್ಲಿ ಇದೇ ರೋಗಕ್ಕೆ 80%ಕ್ಕಿಂತ ಜಾಸ್ತಿ ಕೆಂಪಳಿಲು ಹೋಗಿದ್ದವು. ಆ ಚಳಿಗಾಲವೆಲ್ಲ ನನ್ನ ತಲೆಯಲ್ಲಿ ಆ ಅಂಕಿಯೇ ಕೂತಿತ್ತು.

ಈಗ ನಮ್ಮಲ್ಲಿ ಒಂದೇ ನಿಯಮ. ಕಾಯಿಲೆ ಎಂದು ಅನುಮಾನ ಬಂದ ದಿನವೇ ಫೀಡರ್ ಇಳಿಸಬೇಕು, ನನ್ನನ್ನು ಕೇಳುವುದೂ ಬೇಡ. ಕಾಯಿಲೆ ಇರಲಿ ಬಿಡಲಿ, ವಾರಕ್ಕೊಮ್ಮೆ ತೊಳೆಯಬೇಕು.

ಫೆಬ್ರವರಿಯಲ್ಲಿ ಕಣಿವೆಯ ಮೇಲ್ಭಾಗದ ಒಂದು ಕೊಳವೆಯಿಂದ ಬಂದ ಕೂದಲಲ್ಲಿ ನೀಲಿ ಗೆರೆ ಸಿಕ್ಕಿತು. ಮಾರ್ಚಿನಲ್ಲಿ ಇನ್ನೂ ಎರಡು ಕಡೆ. ಅಮ್ಮ ಈಗ ಪ್ರತಿ ಭಾನುವಾರ ಕೇಳುತ್ತಾಳೆ, "ಕೆಂಪಂದು ಎಷ್ಟು ಕಂಡ್ವೇ?" ಅಂತ. ಬೂದಿನ ಲೆಕ್ಕ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.